ಪಾಠಕ್ಕೆ ಚಕ್ಕರ್, ಊಟಕ್ಕೆ ಹಾಜರ್

ಬೇಸಿಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ದಿನಗಳಲ್ಲಿ ನಮ್ಮ ಮನೆಗಳ ಗಡಿಯಾರಕ್ಕೆ ಒಮ್ಮೆಲೇ ಮರ್ಯಾದೆ ಹೆಚ್ಚುತ್ತದೆ. ಬಾನುಲಿಯಲ್ಲಿ ಬೆಳಗಿನ ವಾರ್ತೆ ಮುಗಿಯಿತೆಂದರೆ ಒಲೆಯ ಮುಂದೆ ಅವಸರ ಪ್ರಾರಂಭವಾಗುತ್ತದೆ. ಚಿಕ್ಕ ಮಕ್ಕಳು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಾರೆ. ಹತ್ತನೆಯ ತರಗತಿಯ ಹಿರಿಯ ಮಗ ಮಾತ್ರ ಇನ್ನೂ ಬಚ್ಚಲುಮನೆಯಿಂದ ಹೊರಟಿರುವುದಿಲ್ಲ. ಆಗ ತಂದೆಯ ಬಾಯಿಂದ ಬರುವ ಮಾತು ತಲೆಮಾರುಗಳಿಂದ ಒಂದೇ: "ಪಾಠಕ್ಕೆ ಚಕ್ಕರ್, ಊಟಕ್ಕೆ ಹಾಜರ್!"

ಈ ಮಾತಿನಲ್ಲಿ ಒಂದು ಸ್ವಾರಸ್ಯವಿದೆ. ಪಾಠ, ಊಟ ಎರಡೂ ನಮಗೆ ಹಳೆಯವು. ಹಾಜರ್, ಚಕ್ಕರ್ ಎಂಬುವು ಹೊರಗಿನಿಂದ ಬಂದವು. ಹಾಜರ್ ಎಂಬುದು ಅರಬ್ಬಿಯಿಂದ ಪಾರಸಿಗೆ, ಪಾರಸಿಯಿಂದ ಕಂದಾಯದ ಕಚೇರಿಗೆ, ಕಚೇರಿಯಿಂದ ಶಾಲೆಗೆ ಇಳಿದುಬಂದ ಶಬ್ದ. ಪಾಠ ಒಂದು ಕಡೆ, ಊಟ ಇನ್ನೊಂದು ಕಡೆ ಇದ್ದಾಗ ಮಾತ್ರ ಈ ಗಾದೆಗೆ ಅರ್ಥವುಂಟು. ಎರಡೂ ಒಂದೇ ಸೂರಿನಡಿಯಲ್ಲಿದ್ದರೆ ಒಂದಕ್ಕೆ ಚಕ್ಕರ್ ಹೊಡೆದು ಇನ್ನೊಂದಕ್ಕೆ ಹಾಜರಾಗುವುದು ಹೇಗೆ? ಹಾಗೆ ಎರಡೂ ಒಂದೇ ಸೂರಿನಡಿ ಇದ್ದ ಕಾಲವೊಂದು ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿತ್ತು. ಅದಕ್ಕೆ ಕಲ್ಲಿನ ಮೇಲೆ ಬರೆದ ಸಾಕ್ಷ್ಯವಿದೆ.

ಈ ಸೀಮೆಯ ವಿದ್ಯಾರ್ಥಿಗಳಲ್ಲಿ ನಮಗೆ ಹೆಸರು ತಿಳಿದಿರುವವರ ಪೈಕಿ ಮೊದಲಿಗನು ವಿದ್ಯಾಭ್ಯಾಸವನ್ನು ನಡುವೆಯೇ ಬಿಟ್ಟವನು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಕಂಬದ ಶಾಸನ ಆ ಕಥೆಯನ್ನು ಹೇಳುತ್ತದೆ. ಐದನೆಯ ಶತಮಾನದಲ್ಲಿ, ಕದಂಬರ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಅದನ್ನು ರಚಿಸಿದನು. ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋಗಿ, ಅಲ್ಲಿನ ಘಟಿಕೆಯನ್ನು, ಎಂದರೆ ಉನ್ನತ ವಿದ್ಯಾಸ್ಥಾನವನ್ನು ಸೇರಿದನು. ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಜಗಳವಾಯಿತು. ಅವಮಾನ ತಾಳಲಾರದೆ ದರ್ಭೆ ಸಮಿತ್ತುಗಳನ್ನು ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಕದಂಬ ರಾಜ್ಯವನ್ನು ಕಟ್ಟಿದನು. ಘಟಿಕೆಯಲ್ಲಿ ಹಾಜರಿ ಪುಸ್ತಕವೊಂದಿದ್ದಿದ್ದರೆ ಆತನ ಹೆಸರಿನ ಮುಂದೆ ಏನು ಬರೆಯುತ್ತಿದ್ದರೋ! ನಮ್ಮ ಹುಡುಗರು ಈ ಉದಾಹರಣೆಯನ್ನು ಮುಂದೆ ಮಾಡಬಾರದೆಂದು ಹೆಡ್‌ಮಾಸ್ತರುಗಳು ಇದನ್ನು ಬೇಗ ದಾಟಿಸುತ್ತಾರೆ. ನಾನೂ ದಾಟಿಸುತ್ತೇನೆ.

ತಾಳಗುಂದಕ್ಕೆ ಸಮೀಪದಲ್ಲಿಯೇ ಬಳ್ಳಿಗಾವೆ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕಾಳಾಮುಖ ಶೈವರ ಕೋಡಿಯಮಠವಿತ್ತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಹೇಳುತ್ತದೆ. ನಾಲ್ಕು ವೇದಗಳು ಮತ್ತು ಅವುಗಳ ಅಂಗಗಳು, ಪಾಣಿನೀಯ, ಕೌಮಾರ, ಶಾಕಟಾಯನ ಮೊದಲಾದ ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಮೊದಲಾದ ದರ್ಶನಗಳು, ಲಾಕುಳ ಸಿದ್ಧಾಂತ, ಪತಂಜಲಿಯ ಯೋಗ, ಹದಿನೆಂಟು ಪುರಾಣಗಳು, ಕಾವ್ಯ, ನಾಟಕ—ಇಷ್ಟೂ ಅಲ್ಲಿ ಅಭ್ಯಾಸವಾಗುತ್ತಿದ್ದುವು. ನಮ್ಮ ವಿಶ್ವವಿದ್ಯಾನಿಲಯಗಳ ಪಠ್ಯಪಟ್ಟಿಯಂತೆ ಕಾಣುವ ಈ ಭಾಗವನ್ನು ಎಲ್ಲರೂ ಉದಾಹರಿಸುತ್ತಾರೆ. ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಮುಂದಿನ ಭಾಗ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ನುಡಿಸುವವರು, ಕುಣಿಯುವವರು, ಬೇರೆ ಬೇರೆ ಮತಗಳ ಸಂನ್ಯಾಸಿಗಳು—ಇವರೆಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತು. ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ವಿದ್ಯೆಯ ಪಟ್ಟಿ ಮುಗಿದೊಡನೆಯೇ ಅನ್ನದ ಪಟ್ಟಿ ಬರುತ್ತದೆ, ಅದೇ ಕಲ್ಲಿನ ಮೇಲೆ, ಅದೇ ಉಸಿರಿನಲ್ಲಿ.

ಸೊರಬದ ಕಡೆಯೂ ಕುಪ್ಪಟೂರಿನಂಥ ಅಗ್ರಹಾರಗಳಿದ್ದುವು. ಕೈಟಭೇಶ್ವರ ದೇವಾಲಯವಿರುವ ಆ ಊರನ್ನು ಈಗ ಕುಬಟೂರು ಎನ್ನುತ್ತಾರೆ. ಇಂಥ ಸ್ಥಳಗಳಿಗೆ ರಾಜರೂ ರಾಣಿಯರೂ ದಂಡನಾಯಕರೂ ಬಿಟ್ಟ ದತ್ತಿಯೆಂದರೆ ಮುಖ್ಯವಾಗಿ ಭೂಮಿ, ಭೂಮಿಯೆಂದರೆ ಬತ್ತ, ಬತ್ತವೆಂದರೆ ದೇವರ ನೈವೇದ್ಯ, ಉಪಾಧ್ಯಾಯನ ಜೀವನ, ಓದುವವನ ಊಟ. ಕಲಿಯುವವನು ಗುರುವಿನ ಮನೆಯಲ್ಲೋ ಮಠದಲ್ಲೋ ಉಂಡು ಮಲಗಿ ಎದ್ದು ಅಲ್ಲಿಯೇ ಓದುತ್ತಿದ್ದನು. ಬೆಳಗಿನ ಜಾವದಲ್ಲಿ ಎಬ್ಬಿಸುವವರೂ ಅವರೇ, ಪಾಠ ಹೇಳುವವರೂ ಅವರೇ. ಹೀಗಿದ್ದಲ್ಲಿ ತಡವಾಗಿ ಬರುವುದೆಂದರೇನು?

ರಜೆ ಇರಲಿಲ್ಲವೆಂದಲ್ಲ. ಅದಕ್ಕೆ ಅನಧ್ಯಾಯವೆಂದು ಹೆಸರು. ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ, ಅಷ್ಟಮಿ, ಚತುರ್ದಶಿಗಳಲ್ಲಿ ವೇದಪಾಠವಿಲ್ಲ; ಅಕಾಲದಲ್ಲಿ ಗುಡುಗು ಮಿಂಚು ಬಂದರೂ ಇಲ್ಲ. ಅಂದಿನ ರಜೆ ಯಾರೂ ಕೇಳಿಕೊಂಡು ಪಡೆಯಬೇಕಾದುದಲ್ಲ, ಪಂಚಾಂಗವೂ ಆಕಾಶವೂ ಕೊಡುವಂಥದು. ಒಬ್ಬನಿಗೆ ಬಂದರೆ ಎಲ್ಲರಿಗೂ ಬಂದಂತೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಕೋಡಿಯಮಠದ ಅನ್ನ ಎಲ್ಲರಿಗೂ ಇತ್ತು. ವೇದಪಾಠ ಎಲ್ಲರಿಗೂ ಇರಲಿಲ್ಲ. ಅಗ್ರಹಾರದ ಗದ್ದೆಯಲ್ಲಿ ನಾಟಿ ಮಾಡಿದವನ ಮಗ ಅಲ್ಲಿನ ಪಾಠಕ್ಕೆ ಚಕ್ಕರ್ ಹೊಡೆಯುವ ಪ್ರಶ್ನೆಯೇ ಬರಲಿಲ್ಲ, ಏಕೆಂದರೆ ಅವನನ್ನು ಯಾರೂ ಕರೆದಿರಲಿಲ್ಲ. ಗೈರುಹಾಜರಿ ಎನಿಸಿಕೊಳ್ಳಬೇಕಾದರೂ ಮೊದಲು ಪಟ್ಟಿಯಲ್ಲಿ ಹೆಸರಿರಬೇಕಲ್ಲ!

ಬಳ್ಳಿಗಾವೆಯ ವೈಭವ ಕಳೆದು ಬಹುಕಾಲದ ಮೇಲೆ, ನಮ್ಮ ಅಜ್ಜಂದಿರ ಅಜ್ಜಂದಿರು ಓದಿದ್ದು ಕೂಲಿಮಠಗಳಲ್ಲಿ. ಊರಿನ ಜಗಲಿಯೋ ಗುಡಿಯ ಮೊಗಸಾಲೆಯೋ ಶಾಲೆ. ಅಯ್ಯನೋ ಐಗಳೋ ಮೇಷ್ಟರು. ಮಕ್ಕಳು ತರುವ ಅಕ್ಕಿ, ಕಾಸು ಅವರ ಕೂಲಿ. ಇಲ್ಲಿ ಊಟ ಮನೆಯಲ್ಲಿ, ಪಾಠ ಜಗಲಿಯಲ್ಲಿ. ಆದುದರಿಂದ ಹೊತ್ತಿಗೆ ಬರುವುದು, ಬಾರದಿರುವುದು ಎಂಬ ಮಾತು ಹುಟ್ಟಿತು. ಕನ್ನಡ ಸೀಮೆಯ ಇಂಥ ಮಠಗಳ ಬಹಳ ವಿವರವಾದ ಚಿತ್ರವೊಂದು ಬಳ್ಳಾರಿಯಿಂದ ಬಂದಿದೆ. ಮದರಾಸಿನ ಗವರ್ನರ್ ಸರ್ ತಾಮಸ್ ಮನ್ರೋ 1822ರಲ್ಲಿ ಜಿಲ್ಲೆಗಳ ಶಾಲೆಗಳ ವರದಿ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದು ಕಳುಹಿಸಿದ್ದು ಅದು. ಆತನ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದುವು.

ಕ್ಯಾಂಪ್‌ಬೆಲ್ ಹೇಳುವ ಪದ್ಧತಿ ಕೇಳಲು ಬಲು ಸೊಗಸು, ಅನುಭವಿಸಿದವರಿಗೆ ಹೇಗಿತ್ತೋ! ಬೆಳಗಿನ ಆರು ಗಂಟೆಗೆ ಮಠ ಪ್ರಾರಂಭ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯ ಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಾರೆ. ಅದು ಅವನ ಬಹುಮಾನ. ಎರಡನೆಯವನ ಅಂಗೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಮುಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಹತ್ತು ಹನ್ನೆರಡು ಮಕ್ಕಳ ಮಠದಲ್ಲಿ ಕೊನೆಯವನ ಅಂಗೈಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು. ಗಡಿಯಾರವಿಲ್ಲದ ಊರಿನಲ್ಲಿ ಕಾಲನಿಷ್ಠೆಯನ್ನು ಅಳೆಯುವ ಉಪಾಯ ಇದು. ಇಷ್ಟು ಹೊತ್ತಿಗೆ ಬಾ ಎಂದಲ್ಲ, ಪಕ್ಕದವನಿಗಿಂತ ಮೊದಲು ಬಾ ಎಂದು. ಎಲ್ಲ ಹುಡುಗರೂ ಸೂರ್ಯೋದಯಕ್ಕೆ ಮುಂಚೆಯೇ ಬಂದರೂ ಕೊನೆಯವನಿಗೆ ಏಟು ತಪ್ಪಿದ್ದಲ್ಲ. ಸೋಮಾರಿಗಳನ್ನು ಕೈಕಟ್ಟಿ ಸೂರಿನ ರಾಟೆಗೆ ನೇತುಹಾಕುತ್ತಿದ್ದುದನ್ನೂ ಅದೇ ವರದಿ ಹೇಳುತ್ತದೆ. ಸರಸ್ವತಿಯ ಹೆಸರನ್ನು ನೆನೆದು ಹಳೆಯ ಕಾಲ ಎಷ್ಟು ಚೆಂದವೆನ್ನುವವರು ರಾಟೆಯನ್ನೂ ನೆನೆಯಬೇಕು.

ಆ ವರದಿಯಲ್ಲಿ ಇನ್ನೊಂದು ಮಾತಿದೆ, ಅದು ಇಂದಿನ ಹೈಸ್ಕೂಲಿಗೂ ಸಲ್ಲುತ್ತದೆ. ಬಡತನ ಹೆಚ್ಚಿದ್ದರಿಂದ, ಮಕ್ಕಳ ಎಳೆಯ ಕೈಕಾಲುಗಳು ಕೊಂಚ ದುಡಿಮೆಗೆ ಬಂದೊಡನೆಯೇ ತಾಯಿತಂದೆಯರಿಗೆ ಅವರ ಸಹಾಯ ಬೇಕಾಗುತ್ತಿತ್ತು; ಅದರಿಂದ ಓದು ನಿಲ್ಲುತ್ತಿತ್ತು ಎಂದು ಕ್ಯಾಂಪ್‌ಬೆಲ್ ಬರೆದನು. ಶಾಲೆ ಬಿಡಿಸಿದ್ದು ಹುಡುಗನ ಸೋಮಾರಿತನವಲ್ಲ, ಅವನ ಬಲ.

ಇನ್ನು ಹಾಜರಿ ಪುಸ್ತಕದ ಕಾಲ. ಅದನ್ನು ಮೈಸೂರು ಸಂಸ್ಥಾನದ ಹಳ್ಳಿಗಳಿಗೆ ತಲಪಿಸಿದವರಲ್ಲಿ ಪ್ರಮುಖರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. 1865ರಲ್ಲಿ ಮೈಸೂರು, ಕೊಡಗುಗಳ ಶಾಲೆಗಳ ಇನ್‌ಸ್ಪೆಕ್ಟರರಾದರು, ಬಳಿಕ ವಿದ್ಯಾ ಇಲಾಖೆಯ ಮುಖ್ಯಸ್ಥರಾದರು. ಹೋಬಳಿಗೊಂದು ಶಾಲೆಯೆಂಬ 1868ರ ಯೋಜನೆ ಅವರದು. ಕುದುರೆಯ ಮೇಲೆ ಊರೂರು ಸುತ್ತಿ ಶಾಲೆಗಳನ್ನು ತನಿಖೆ ಮಾಡುತ್ತಿದ್ದ ಈ ಅಧಿಕಾರಿಯ ಕಣ್ಣು ಊರ ಮುಂದಿನ ಕಲ್ಲುಗಳ ಮೇಲೂ ಬಿತ್ತು. ತಾಳಗುಂದದ ಕಂಬವನ್ನು ವಿದ್ವಾಂಸರ ಲೋಕಕ್ಕೆ ತೋರಿಸಿದವರು ಅವರೇ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿಯೂ, ಸೊರಬದವನ್ನು ಎಂಟನೆಯ ಸಂಪುಟದಲ್ಲಿಯೂ ಅಚ್ಚು ಹಾಕಿಸಿದರು. ಬಳ್ಳಿಗಾವೆಯ ಹಳೆಯ ವಿದ್ಯಾಸ್ಥಾನವನ್ನು ನಮಗೆ ಓದಿ ತಿಳಿಸಿದವರೂ, ಹಳ್ಳಿಯ ಹುಡುಗನನ್ನು ಪಟ್ಟಿಗೆ ಸೇರಿಸಿದವರೂ ಒಬ್ಬರೇ ಎಂಬುದು ನನಗೆ ಸಣ್ಣ ವಿಷಯವಾಗಿ ತೋರುವುದಿಲ್ಲ.

ಹೋಬಳಿ ಶಾಲೆಯ ಉಪಾಧ್ಯಾಯರ ಸಂಬಳ ಸರ್ಕಾರದಿಂದ ಬರತೊಡಗಿದ ಮೇಲೆ ಸರ್ಕಾರಕ್ಕೆ ಲೆಕ್ಕ ಬೇಕಾಯಿತು. ಎಷ್ಟು ಮಕ್ಕಳು ಪಟ್ಟಿಯಲ್ಲಿದ್ದಾರೆ, ಎಷ್ಟು ಮಂದಿ ಬಂದಿದ್ದಾರೆ? ಕೂಲಿಮಠದ ಐಗಳು ಬಾರದ ಹುಡುಗನ ಮನೆಗೆ ದೊಡ್ಡ ಹುಡುಗರನ್ನು ಕಳುಹಿಸಿ ಕೈಕಾಲು ಹಿಡಿದು ಹೊತ್ತು ತರಿಸುತ್ತಿದ್ದರು. ಹೊಸ ಮೇಷ್ಟರು ಪುಸ್ತಕದಲ್ಲಿ ಒಂದು ಗುರುತು ಹಾಕಿದರೆ ಸಾಕಾಯಿತು. ಆದರೆ ಈ ಪುಸ್ತಕದ ದೊಡ್ಡ ಗುಣವೊಂದನ್ನು ಮರೆಯಬಾರದು. ಅದರ ಸಾಲುಗಳಲ್ಲಿ ಯಾರ ಹೆಸರನ್ನಾದರೂ ಬರೆಯಬಹುದಾಗಿತ್ತು. 1910ರ ದಶಕದಲ್ಲಿ ಸಂಸ್ಥಾನದ ಸರ್ಕಾರಿ ಶಾಲೆಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಬೇಕೆಂಬ ಆಜ್ಞೆಗಳಾದಾಗ ಅಗ್ರಹಾರದ ಕಾಲದಲ್ಲಿ ಕರೆ ಬಾರದವರ ಮನೆಗೂ ಕರೆ ಬಂತು. ಅದಕ್ಕೆ ಬಹಳ ಕಡೆ ವಿರೋಧವಾಯಿತು, ಕೆಲವು ಕಡೆ ಉಳ್ಳವರು ತಮ್ಮ ಮಕ್ಕಳನ್ನೇ ಬಿಡಿಸಿಕೊಂಡರು. ಅದೇ ದಶಕದ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆಯೂ ಬಂದಿತು.

ಕಾಯಿದೆಯೆಲ್ಲ ಚಿಕ್ಕ ಮಕ್ಕಳದಾಯಿತು. ನಮ್ಮ ಕಷ್ಟವಿರುವುದು ಹೈಸ್ಕೂಲಿನಲ್ಲಿ. ಪ್ರೈಮರಿ ಶಾಲೆ ಹುಡುಗನ ಊರಿಗೆ ಬಂದಿತು. ಹೈಸ್ಕೂಲಿಗೆ ಮಾತ್ರ ಹುಡುಗನೇ ಹೋಗಬೇಕಾಯಿತು. ಬಹುಕಾಲ ಅದು ಪೇಟೆಯ ವಸ್ತುವಾಗಿತ್ತು. ಶಿಕಾರಿಪುರಕ್ಕೆ ಬರುವವನು ಕುಮುದ್ವತಿಯನ್ನು ದಾಟಿ ಬರಬೇಕಾದೀತು, ಸೊರಬಕ್ಕೆ ಬರುವವನು ದಂಡಾವತಿಯನ್ನು. ಮಳೆ ಹಿಡಿದರೆ ಮಲೆನಾಡಿನ ಹಳ್ಳ ಹೊಳೆಗಳು ಯಾವ ಹೆಡ್‌ಮಾಸ್ತರರ ಮಾತನ್ನೂ ಕೇಳುವುದಿಲ್ಲ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿಯೇ ರೈಲು ಬಂದರೂ ಈ ಎರಡು ಪೇಟೆಗಳಿಗೆ ಇಪ್ಪತ್ತನೆಯ ಶತಮಾನವೆಲ್ಲ ಕಳೆದರೂ ರೈಲು ಬರಲಿಲ್ಲ. ಬೇರೆ ಸೀಮೆಗಳಿಗೆ ನಿಮಿಷದ ಲೆಕ್ಕವನ್ನು ಕಲಿಸಿದ್ದು ರೈಲು. ನಮಗೆ ಬಂದದ್ದು ರೈಲು ಕಂಬಿಯ ತುಂಡೊಂದು, ಶಾಲೆಯ ಜಗಲಿಯಲ್ಲಿ ಗಂಟೆಯಾಗಿ ತೂಗುಬಿದ್ದು. ಜವಾನನು ಅದನ್ನು ಬಾರಿಸಿದನೆಂದರೆ ಹತ್ತೂವರೆ ಎಂದರ್ಥ, ಅವನ ಗಡಿಯಾರದಲ್ಲಿ.

ನಾನು ಓದಿದ ಹೈಸ್ಕೂಲಿನ ಹೆಸರು ಇಲ್ಲಿ ಬೇಡ. ಅಲ್ಲಿ ತಡವಾಗಿ ಬಂದವರನ್ನು ಬಾಗಿಲ ಹೊರಗೆ ಸಾಲಾಗಿ ನಿಲ್ಲಿಸುತ್ತಿದ್ದರು. ಆಷಾಢದ ಬೆಳಗುಗಳಲ್ಲಿ ಆ ಸಾಲಿನಲ್ಲಿ ನಿಂತವರನ್ನು ನೋಡಿದರೆ ಯಾರು ಎಲ್ಲಿಂದ ಬಂದವರೆಂದು ಕೇಳದೆಯೇ ತಿಳಿಯುತ್ತಿತ್ತು: ಮೊಳಕಾಲಿನವರೆಗೆ ಕೆಸರಿದ್ದವರು ಹೊಳೆಯಾಚೆಯವರು, ಕೆಸರಿಲ್ಲದವರು ಶಾಲೆಯ ಎದುರು ಬೀದಿಯವರು. ಶಿಕ್ಷೆ ಇಬ್ಬರಿಗೂ ಒಂದೇ. ಸಮಾನ ನ್ಯಾಯವೆಂದು ಮೇಷ್ಟರು ಹೇಳುತ್ತಿದ್ದರು.

ದೂರದ ಹುಡುಗರ ಪೈಕಿ ಕೆಲವರು ಪೇಟೆಯಲ್ಲಿಯೇ ಉಳಿದು ವಾರಾನ್ನದ ಮೇಲೆ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ಮನೆ ಹೊಂದಿದರೆ ವರ್ಷ ದಾಟಿತು, ಆರೇ ಹೊಂದಿದರೆ ವಾರಕ್ಕೊಂದು ಏಕಾದಶಿ. ಮನೆಯೊಡತಿ ಬಡಿಸುವುದು ತಡವಾದರೆ ಹುಡುಗನ ಮುಂದೆ ಎರಡೇ ದಾರಿ: ಊಟಕ್ಕೆ ಹಾಜರಾಗಿ ಪಾಠಕ್ಕೆ ತಡವಾಗುವುದು, ಇಲ್ಲವೆ ಪಾಠಕ್ಕೆ ಹಾಜರಾಗಿ ಊಟ ಬಿಡುವುದು. ನಮ್ಮ ಗಾದೆಯನ್ನು ಕಟ್ಟಿದವನು ವಾರಾನ್ನದ ಹುಡುಗನಾಗಿರಲಾರ. ಮುಂದೆ ಮಠಗಳೂ ಸಮಾಜದವರೂ ಸರ್ಕಾರವೂ ವಿದ್ಯಾರ್ಥಿನಿಲಯಗಳನ್ನು ತೆರೆದ ಮೇಲೆ ಈ ಸಂಕಟ ಬಹಳ ಮಟ್ಟಿಗೆ ಇಳಿಯಿತು. ಹೆಣ್ಣುಮಕ್ಕಳಿಗೆ ವಾರಾನ್ನದ ದಾರಿಯೂ ಇರಲಿಲ್ಲ. ಏಳನೆಯ ತರಗತಿ ಮುಗಿಯಿತೆಂದರೆ ಅವರ ಹೆಸರು ಪುಸ್ತಕದಿಂದಲೇ ಹೋಗುತ್ತಿತ್ತು, ಹಾಜರಿಯ ಮಾತೆಲ್ಲಿ?

ಒಂದು ವರ್ಷ ಮಾತ್ರ ಗೈರುಹಾಜರಿಗೆ ಬೇರೆಯೇ ಅರ್ಥ ಬಂದಿತ್ತು. 1942ರ ಆಗಸ್ಟಿನಲ್ಲಿ "ಭಾರತ ಬಿಟ್ಟು ತೊಲಗಿ" ಚಳವಳಿ ಹೊತ್ತಿಕೊಂಡಾಗ ಮೈಸೂರು ಸಂಸ್ಥಾನದ ಊರೂರುಗಳಲ್ಲಿ ವಿದ್ಯಾರ್ಥಿಗಳು ತರಗತಿ ತೊರೆದು ಬೀದಿಗಿಳಿದರು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ಸೆಪ್ಟೆಂಬರಿನಲ್ಲಿ ತಮ್ಮ ಹಳ್ಳಿ ಸ್ವತಂತ್ರವಾಯಿತೆಂದು ಸಾರಿದರು. ತಮ್ಮ ಸರ್ಕಾರದ ಅಮಲ್ದಾರ್ ಮತ್ತು ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಅವರು ಆರಿಸಿದ್ದು ಇಬ್ಬರು ಹುಡುಗರನ್ನು. ಆ ತಿಂಗಳ ಕೊನೆಯಲ್ಲಿ ಸರ್ಕಾರದ ನಿಜವಾದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹಳ್ಳಿಗೆ ಬಂದಾಗ ನಡೆದ ಘರ್ಷಣೆಯಲ್ಲಿ ಆ ಇಬ್ಬರು ಅಧಿಕಾರಿಗಳೂ ಕೊಲೆಯಾದರು. ಬಳಿಕ ಸೈನ್ಯ ಬಂದಿತು, ಮನೆಗಳು ಹಾಳಾದುವು, ಜನ ಕಾಡು ಸೇರಿದರು. 1943ರ ಮಾರ್ಚಿಯಲ್ಲಿ ಈಸೂರಿನ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು. ಮಯೂರಶರ್ಮನ ತಾಲ್ಲೂಕಿನಲ್ಲಿ ಓದು ಬಿಟ್ಟು ರಾಜ್ಯ ಕಟ್ಟಹೊರಟ ಈ ಎರಡನೆಯ ಕಥೆಗೆ ಮೊದಲನೆಯದರ ಸುಖವಾದ ಕೊನೆ ಇರಲಿಲ್ಲ. ಆದರೂ ಆ ವರ್ಷದ ಗೈರುಹಾಜರಿಯನ್ನು ಸೋಮಾರಿತನವೆಂದು ಕರೆಯುವ ಧೈರ್ಯ ಇಂದು ಯಾರಿಗೂ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಪ್ರೌಢ ಶಿಕ್ಷಣವನ್ನು ವಿಚಾರಿಸಲು ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯಲ್ಲಿ 1952–53ರ ಆಯೋಗ ಕುಳಿತಿತು. ವರ್ಷಕ್ಕೆ 200 ದಿನಗಳಿಗೆ ಕಡಮೆಯಿಲ್ಲದಂತೆ ಶಾಲೆ ನಡೆಯಬೇಕು, ವಾರಕ್ಕೆ ಸುಮಾರು 45 ನಿಮಿಷಗಳ 35 ಪಾಠಗಳಿರಬೇಕು ಎಂದಿತು. ಜೊತೆಗೇ, ಶಾಲೆಯ ವೇಳೆಯನ್ನು ಆಯಾ ಸ್ಥಳದ ಹವೆಗೂ ಜನರ ಕಸುಬಿಗೂ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಶಾಲೆಗಳಿಗಿರಬೇಕೆಂದೂ ಹೇಳಿತು. ಈ ಎರಡರಲ್ಲಿ ಮೊದಲನೆಯದನ್ನು ನಾವು ಶ್ರದ್ಧೆಯಿಂದ ಪಾಲಿಸಿದೆವು. ಎರಡನೆಯದು ಕಾಗದದಲ್ಲಿ ಉಳಿಯಿತು. ಶಾಲೆ ತೆರೆಯುವ ಜೂನ್ ತಿಂಗಳೇ ಗದ್ದೆಯ ಕೆಲಸ ಮೊದಲಾಗುವ ತಿಂಗಳು. ನಾಟಿಯ ಕಾಲದಲ್ಲಿ ಹದಿನೈದು ವರ್ಷದ ಕೈ ಮನೆಗೆ ಬೇಕು. ಅಡಕೆ ಕೊಯ್ಲಿನ ವಾರಗಳಲ್ಲಿ ತೋಟಕ್ಕೂ ಬೇಕು, ಸುಲಿಯುವ ಮನೆಗೂ ಬೇಕು. 1823ರ ಬಳ್ಳಾರಿಯ ಮಾತು ಎರಡು ಶತಮಾನ ಕಳೆದರೂ ಪೂರ್ತಿ ಹಳತಾಗಿಲ್ಲ.

ಈಗ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುಕೊಳ್ಳಬೇಕಾದರೆ ಶೇಕಡ 75ರ ಹಾಜರಿ ಬೇಕು. 200 ದಿನದಲ್ಲಿ 150. ಉಳಿದ 50 ದಿನ ಕಡಮೆಯೇನಲ್ಲ ಎಂದು ಪೇಟೆಯವರಿಗೆ ತೋರುತ್ತದೆ. ಜ್ವರಕ್ಕೆ ಹತ್ತು, ಹೊಳೆಗೆ ಹತ್ತು, ನಾಟಿಗೆ ಹದಿನೈದು, ಕೊಯ್ಲಿಗೆ ಹತ್ತು, ಮನೆಯಲ್ಲಿ ಮದುವೆಯೋ ಜಾತ್ರೆಯೋ ಬಂದರೆ ಐದು—ನಮ್ಮ ರೈತನ ಮಗ ಯಾವ ತುಂಟತನವನ್ನೂ ಮಾಡದೆಯೇ ಅಂಚಿಗೆ ಬಂದು ನಿಲ್ಲುತ್ತಾನೆ. ನಿಯಮ ತಪ್ಪೆಂದು ನನ್ನ ವಾದವಲ್ಲ. ಮುಕ್ಕಾಲು ಪಾಠವಾದರೂ ಕೇಳದವನು ಪರೀಕ್ಷೆಯಲ್ಲಿ ಬರೆಯುವುದೇನನ್ನು? ಆದರೆ 2009ರ ಶಿಕ್ಷಣ ಹಕ್ಕಿನ ಕಾಯಿದೆ ಹದಿನಾಲ್ಕು ವರ್ಷಕ್ಕೆ ಕೈಬಿಡುತ್ತದೆ. ಅಲ್ಲಿಯವರೆಗೆ ಬಾರದ ಮಗುವನ್ನು ಹುಡುಕಿಕೊಂಡು ಹೋಗುವುದು ಸರ್ಕಾರದ ಕರ್ತವ್ಯ. ಆಮೇಲೆ ಬಾರದಿದ್ದರೆ ಅದು ಹುಡುಗನ ತಪ್ಪು. ಕೈಕಾಲು ಬಲಿಯುವ ವಯಸ್ಸಿಗೆ ಸರಿಯಾಗಿ ಈ ತಿರುವು ಬರುತ್ತದೆ.

ಹಾಜರಿಯನ್ನು ಹೆಚ್ಚಿಸಲು ಬೆತ್ತಕ್ಕಿಂತ ಬೇರೆ ದಾರಿಗಳನ್ನು ಹಿಡಿದದ್ದು ಈ ಶತಮಾನದಲ್ಲಿ. 2006–07ರಲ್ಲಿ, ಶಿಕಾರಿಪುರದ ಶಾಸಕರಾದ ಬಿ. ಎಸ್. ಯಡಿಯೂರಪ್ಪನವರು ಹಣಕಾಸು ಮಂತ್ರಿಯಾಗಿದ್ದಾಗ, ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಬೈಸಿಕಲ್ ಕೊಡುವ ಯೋಜನೆ ಪ್ರಾರಂಭವಾಯಿತು. ಆಮೇಲೆ ಅದು ಗಂಡುಹುಡುಗರಿಗೂ ಬಂತು; ಕೊರೋನಾ ವರ್ಷಗಳಲ್ಲಿ ನಿಂತಿತು. ಏಳನೆಯದು ಮುಗಿಸಿ ಮನೆ ಸೇರುತ್ತಿದ್ದ ಹುಡುಗಿಯರು ಸಾಲು ಹಿಡಿದು ಸೈಕಲ್ ತುಳಿಯುತ್ತ ಹೋಗುವುದನ್ನು ನೋಡಿದ ಹಿರಿಯರು ದಾರಿಯ ಬದಿಗೆ ಸರಿದು ನಿಲ್ಲುತ್ತಿದ್ದರು. ಅದಕ್ಕೆ ಹೊಂದಿಕೊಂಡಂತೆಯೇ 2007–08ರಲ್ಲಿ ಮಧ್ಯಾಹ್ನದ ಬಿಸಿಯೂಟ ಹೈಸ್ಕೂಲಿನ ತರಗತಿಗಳಿಗೂ ವಿಸ್ತರಿಸಿತು. ಕೋಡಿಯಮಠ ಇದ್ದ ತಾಲ್ಲೂಕಿನಲ್ಲಿ, ಎಂಟು ಶತಮಾನಗಳ ಮೇಲೆ, ಪಾಠವೂ ಊಟವೂ ಮತ್ತೆ ಒಂದೇ ಸೂರಿನಡಿ ಬಂದುವು. ಈ ಸಲ ಪಂಕ್ತಿಯಲ್ಲಿ ಕುಳಿತವರೆಲ್ಲರೂ ಪಾಠಕ್ಕೂ ಕುಳಿತವರೇ.

ಹೊಳೆಯೊಂದು ಉಳಿಯಿತು. ಸೈಕಲ್ಲು ಅದನ್ನು ದಾಟಿಸುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಮಳೆ ಎರಡು ಮೂರು ದಿನ ಬಿಡದೆ ಹೊಯ್ದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುತ್ತಾರೆ. ಬೆಳಗಿನ ಬಾನುಲಿಯಲ್ಲಿ ಆ ಸುದ್ದಿ ಬಂದರೆ ಪೇಟೆಯ ಮನೆಗಳಲ್ಲಿಯೂ ಹಳ್ಳಿಯ ಮನೆಗಳಲ್ಲಿಯೂ ಮಕ್ಕಳು ಒಂದೇ ಬಗೆಯಾಗಿ ಕುಣಿಯುತ್ತಾರೆ. ಹಳೆಯ ಅನಧ್ಯಾಯ ಇದೇ, ಹೊಸ ಮೊಹರಿನೊಡನೆ. ತಪ್ಪಿದ ಪಾಠವನ್ನು ಮುಂದೆ ಶನಿವಾರದ ಮಧ್ಯಾಹ್ನಗಳಲ್ಲಿ ತುಂಬಿಸುವುದುಂಟು. ಆದರೆ ಅಂದು ಮಾತ್ರ ಹೊಳೆಯಾಚೆಯ ಹುಡುಗನ ಹೆಸರಿನ ಮುಂದೆಯೂ, ಎದುರು ಬೀದಿಯವನ ಹೆಸರಿನ ಮುಂದೆಯೂ ಮೇಷ್ಟರು ಏನನ್ನೂ ಬರೆಯುವುದಿಲ್ಲ.